ದೇಹದ ರೋಗಕ್ಕೆ ಚಿಕಿತ್ಸೆ, ಮನಸ್ಸಿನ ರೋಗಕ್ಕೆ ಮೌನ

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಆರೋಗ್ಯದ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ, ನಾನು ವೈದ್ಯನಲ್ಲವಲ್ಲ ಎಂದೆ. ವೈದ್ಯರ ಮಾತು ಬೆಳಿಗ್ಗೆ ಮುಗಿದಿರುತ್ತದೆ, ನೀವು ಸಮುದಾಯದ ಬಗ್ಗೆ ಮಾತನಾಡಿ ಎಂದರು. ಆದ್ದರಿಂದ ಬೆಳಿಗ್ಗೆಯೇ ಬಂದು ಆರೋಗ್ಯ ಶಿಬಿರದಲ್ಲಿ ಸುಮ್ಮನೆ ಕುಳಿತೆ. ಸಕ್ಕರೆ ಪರೀಕ್ಷೆಯ ಮೇಜಿನ ಮುಂದೆ ಉದ್ದನೆಯ ಸಾಲಿತ್ತು. ಕಣ್ಣಿನ ಪರೀಕ್ಷೆಗೂ ಇತ್ತು. ಮನೋವೈದ್ಯರ ಮೇಜಿನ ಮುಂದೆ ಎರಡು ಕುರ್ಚಿಗಳನ್ನು ಹಾಕಲಾಗಿತ್ತು. ಮಧ್ಯಾಹ್ನದವರೆಗೂ ಅವುಗಳಲ್ಲಿ ಕುಳಿತವರು ಇಬ್ಬರು ಮಾತ್ರ. ಅವರಲ್ಲಿ ಒಬ್ಬರು ಕಾಲು ನೋವೆಂದು ಕುಳಿತವರು. ಈ ಊರಿನಲ್ಲಿ ಮಾನಸಿಕ ರೋಗವೇ ಇಲ್ಲವೆಂದು ಸಂತೋಷಪಡುವಷ್ಟು ಮುಗ್ಧರು ನಾವಲ್ಲ. ಆ ಕುರ್ಚಿಗಳು ಖಾಲಿ ಉಳಿದದ್ದು ಏಕೆ ಎಂಬುದೇ ಇಂದಿನ ನನ್ನ ವಿಷಯ.

ಒಂದು ಹಳೆಯ ಘಟನೆಯಿಂದ ಆರಂಭಿಸುತ್ತೇನೆ. ನಮ್ಮಲ್ಲಿ ಅನೇಕರು ಇದನ್ನು ಮರೆತಿದ್ದಾರೆ, ಇಲ್ಲಿರುವ ಯುವಕರು ಕೇಳಿಯೇ ಇರಲಾರರು. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ಒಂದು ಹುಲ್ಲಿನ ಛಾವಣಿಯ ಶೆಡ್ಡಿಗೆ ಬೆಂಕಿ ಬಿತ್ತು. ಒಳಗೆ ಇದ್ದವರು ಮಾನಸಿಕ ರೋಗಿಗಳು. 28 ಮಂದಿ ಸುಟ್ಟು ಸತ್ತರು. ಬೆಂಕಿ ಹತ್ತಿದ ಕೋಣೆಯಿಂದ ಮನುಷ್ಯ ಓಡಿ ಹೋಗುತ್ತಾನೆ. ಇವರಿಗೆ ಓಡಲಾಗಲಿಲ್ಲ, ಏಕೆಂದರೆ ಇವರನ್ನು ಸರಪಳಿಯಿಂದ ಬಿಗಿಯಲಾಗಿತ್ತು. ಅವರ ಕೂಗು ಕೇಳಿದವರು ಇದ್ದರು. ಆದರೆ ರಾತ್ರಿ ಹೊತ್ತು ಅಲ್ಲಿ ಕೂಗು ಕೇಳುವುದು ಹೊಸತೇನಾಗಿರಲಿಲ್ಲ.

ಏರ್ವಾಡಿಯಲ್ಲಿ ಒಂದು ಪ್ರಸಿದ್ಧ ದರ್ಗಾ ಇದೆ. ಮನೋರೋಗ ಅಲ್ಲಿ ವಾಸಿಯಾಗುತ್ತದೆಂಬ ನಂಬಿಕೆಯಿಂದ ಬೇರೆ ಬೇರೆ ಧರ್ಮಗಳ ಕುಟುಂಬಗಳು ದೂರದ ಊರುಗಳಿಂದ ರೋಗಿಗಳನ್ನು ಕರೆತರುತ್ತಿದ್ದವು. ಸುತ್ತಲೂ ಖಾಸಗಿಯವರು 'ಮಾನಸಿಕ ಗೃಹ'ಗಳನ್ನು ತೆರೆದು, ಹಣ ಪಡೆದು, ರೋಗಿಗಳನ್ನು ಕಟ್ಟಿಹಾಕಿ ಇಟ್ಟುಕೊಳ್ಳುತ್ತಿದ್ದರು. ಕುಟುಂಬದವರು ಬಿಟ್ಟು ಹೋಗುತ್ತಿದ್ದರು. ಕೆಲವರು ತಿರುಗಿ ಬರುತ್ತಿದ್ದರು, ಕೆಲವರು ಬರುತ್ತಿರಲಿಲ್ಲ. ದುರಂತದ ಬಳಿಕ ಸುಪ್ರೀಮ್ ಕೋರ್ಟು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಅಂತಹ ಗೃಹಗಳನ್ನು ಮುಚ್ಚಲಾಯಿತು, ಅಲ್ಲಿದ್ದ ನೂರಾರು ಮಂದಿಯನ್ನು ಸರಕಾರವು ಬೇರೆಡೆಗೆ ಸಾಗಿಸಿತು. ಆ ಗೃಹದ ಮಾಲಕನಿಗೂ ಅವನ ಸಂಬಂಧಿಕರಿಗೂ 2007ರಲ್ಲಿ ಏಳು ವರ್ಷಗಳ ಶಿಕ್ಷೆಯಾಯಿತು.

ಈ ಘಟನೆಯನ್ನು ಹೇಳಿದ ಕೂಡಲೇ ನಮ್ಮ ಸುಧಾರಣಾವಾದಿ ಸಹೋದರರು ತಲೆಯಾಡಿಸುತ್ತಾರೆ. "ನೋಡಿ, ದರ್ಗಾ, ತಾಯಿತ, ಮಂತ್ರವಾದಿಗಳಿಂದ ಎಂತಹ ಅನಾಹುತ!" ಎನ್ನುತ್ತಾರೆ. ತಾಯಿತದ ವ್ಯಾಪಾರಿಗಳನ್ನು ಸಮರ್ಥಿಸಲು ನಾನು ಇಲ್ಲಿ ಬಂದಿಲ್ಲ. ಜಿನ್ ಬಿಡಿಸುತ್ತೇನೆಂದು ಹೆಣ್ಣುಮಗಳಿಗೆ ಬೆತ್ತದಲ್ಲಿ ಹೊಡೆಯುವವನನ್ನು ಪೊಲೀಸರಿಗೆ ಒಪ್ಪಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಪ್ರಶ್ನೆಯನ್ನು ನಮಗೂ ಕೇಳಿಕೊಳ್ಳೋಣ. ದರ್ಗಾಕ್ಕೆ ಹೋಗದ ನಾವು ಏನು ಮಾಡುತ್ತೇವೆ? ನಿದ್ರೆ ಬಾರದೆ, ಊಟ ಸೇರದೆ, ಕಾರಣವಿಲ್ಲದೆ ಅಳುವ ಒಬ್ಬ ತರುಣ ನಮ್ಮ ಬಳಿ ಬಂದರೆ, "ನಮಾಝ್ ಸರಿಯಾಗಿ ಮಾಡು, ಈಮಾನ್ ಗಟ್ಟಿ ಮಾಡಿಕೋ" ಎಂದು ಕಳುಹಿಸುತ್ತೇವೆ. ಅವನೋ ಮೊದಲೇ ತಾನು ನಿಷ್ಪ್ರಯೋಜಕನೆಂದು ಕುಗ್ಗಿರುತ್ತಾನೆ. ಈಗ ತಾನು ಅಲ್ಲಾಹನಿಗೂ ಬೇಡವಾದೆನೆಂಬ ಭಾರವನ್ನೂ ಹೊತ್ತು ಮನೆಗೆ ಹೋಗುತ್ತಾನೆ. ಸರಪಳಿ ಕಬ್ಬಿಣದ್ದೇ ಆಗಿರಬೇಕೆಂದಿಲ್ಲ.

ದುಃಖವು ವಿಶ್ವಾಸದ ಕೊರತೆಯ ಲಕ್ಷಣವೆಂದು ನಮಗೆ ಕಲಿಸಿದವರು ಯಾರು? ಪ್ರವಾದಿ ಯಅ್‌ಕೂಬ್(ಅ) ಮಗನ ಅಗಲಿಕೆಯಲ್ಲಿ ಅತ್ತು ಅತ್ತು ದೃಷ್ಟಿ ಕಳೆದುಕೊಂಡುದನ್ನು ಕುರ್‌ಆನ್ ತಿಳಿಸುತ್ತದೆ. ಅವರ ಈಮಾನನ್ನು ಅಳೆಯುವ ಧೈರ್ಯ ಯಾರಿಗಿದೆ? ಪತ್ನಿ ಖದೀಜಾ(ರ) ಮತ್ತು ದೊಡ್ಡಪ್ಪ ಅಬೂತಾಲಿಬ್ ತೀರಿಕೊಂಡ ವರ್ಷವನ್ನು ಪ್ರವಾದಿ(ಸ)ರ ಚರಿತ್ರೆಯಲ್ಲಿ 'ದುಃಖದ ವರ್ಷ' ಎಂದೇ ಕರೆಯುತ್ತೇವೆ. ಹೀಗಿರುವಾಗ ರೋಗವಿದ್ದರೆ ಚಿಕಿತ್ಸೆ ಪಡೆಯಬೇಕೆಂಬ ಪ್ರವಾದಿ(ಸ)ರ ನಿರ್ದೇಶವು ಕುತ್ತಿಗೆಯ ಕೆಳಗಿನ ಅಂಗಗಳಿಗೆ ಮಾತ್ರ ಅನ್ವಯಿಸುತ್ತದೆಂದು ತಿಳಿಯುವುದು ಹೇಗೆ ಸಾಧ್ಯ?

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳಬೇಕು. ಮದ್ರಸದ ಹಾಸ್ಟೆಲಿನಲ್ಲಿ ನನ್ನೊಂದಿಗೆ ಓರ್ವ ಸಹಪಾಠಿಯಿದ್ದ. ಬಹಳ ಬುದ್ಧಿವಂತ, ಕುರ್‌ಆನ್ ಕಂಠಪಾಠ ಮಾಡಿದವನು. ಹದಿನೈದು ಹದಿನಾರರ ವಯಸ್ಸಿನಲ್ಲಿ ಅವನ ವುಝೂ ಉದ್ದವಾಗತೊಡಗಿತು. ಮೊಣಕೈ ಒದ್ದೆಯಾಯಿತೋ ಇಲ್ಲವೋ ಎಂಬ ಸಂಶಯ. ಮತ್ತೆ ತೊಳೆಯುವುದು, ಮತ್ತೆ ಸಂಶಯ. ಫಜ್ರ್‌ನ ಜಮಾಅತ್ ಮುಗಿದು ನಾವು ಪಾಠಕ್ಕೆ ಕುಳಿತಾಗಲೂ ಅವನು ಹೌಳಿನ ಬಳಿಯೇ ಇರುತ್ತಿದ್ದ. ಕೈಯ ಚರ್ಮ ಬಿರಿದು ರಕ್ತ ಜಿನುಗುತ್ತಿತ್ತು. ಆರಂಭದಲ್ಲಿ ಉಸ್ತಾದರು ಅವನನ್ನು ಭಕ್ತಿವಂತನೆಂದು ಮೆಚ್ಚಿಕೊಂಡರು. ಮುಂದಿನ ವರ್ಷ ಇದು ಶೈತಾನನ ವಸ್‌ವಾಸ್ ಎಂದು ಗದರಿಸಿದರು. ಕೊನೆಗೆ ತಂದೆ ಬಂದು ಕರೆದುಕೊಂಡು ಹೋದರು. ನಾವು ಹುಡುಗರು ಅವನ ಹಿಂದೆ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ಹನ್ನೆರಡು ವರ್ಷಗಳ ಬಳಿಕ ಅವನು ಸಿಕ್ಕಿದ. ಅದು ಒಂದು ರೋಗ, ಕನ್ನಡದಲ್ಲಿ ಗೀಳು ಕಾಯಿಲೆ ಎನ್ನುತ್ತಾರೆ, ಮೆದುಳಿನ ಕಾರ್ಯವಿಧಾನದೊಂದಿಗೆ ಅದಕ್ಕೆ ಸಂಬಂಧವಿದೆ ಎಂದು ಮನೋವೈದ್ಯರು ತಿಳಿಸಿದರಂತೆ. ಮಾತ್ರೆ ಪರಿಣಾಮ ಬೀರಲು ಕೆಲವು ವಾರಗಳು ಬೇಕಾದವು. ಅದರೊಂದಿಗೆ ಒಂದು ತರಬೇತಿಯನ್ನೂ ಕೊಟ್ಟರಂತೆ. ಸಂಶಯ ಬಂದರೂ ಮತ್ತೆ ತೊಳೆಯದೆ, ಆ ಸಂಕಟವನ್ನು ತಾಳಿಕೊಂಡು ನಮಾಝಿಗೆ ನಿಲ್ಲುವ ಅಭ್ಯಾಸ. "ಮೊದಲ ಹತ್ತು ದಿನ ನರಕ" ಎಂದ. ಈಗ ಅವನ ವುಝೂ ನನ್ನದಕ್ಕಿಂತ ಬೇಗ ಮುಗಿಯುತ್ತದೆ. ಸಂಶಯವನ್ನು ಕಡೆಗಣಿಸಿ ಮುಂದೆ ಸಾಗಬೇಕೆಂಬುದು ಫಿಕ್‌ಹ್ ಗ್ರಂಥಗಳಲ್ಲಿ ನಾವೇ ಓದಿದ್ದ ಪಾಠ. ಅದನ್ನು ಒಬ್ಬ ರೋಗಿಗೆ ಮೆಲ್ಲಮೆಲ್ಲನೆ ಅಭ್ಯಾಸ ಮಾಡಿಸುವ ವಿಧಾನ ಮಾತ್ರ ನಮ್ಮ ಉಸ್ತಾದರಿಗೆ ತಿಳಿದಿರಲಿಲ್ಲ. ಅವರನ್ನು ದೂಷಿಸಲಾರೆ. ಅವರಿಗೂ ಯಾರೂ ಕಲಿಸಿರಲಿಲ್ಲ.

ಆದರೆ ಕಲಿಯಲು ನಮ್ಮದೇ ಪರಂಪರೆಯಲ್ಲಿ ಗ್ರಂಥವಿತ್ತು ಎಂಬುದು ನನಗೆ ಗೊತ್ತಾದದ್ದು ಕಾಲೇಜು ಮುಗಿಸಿದ ಮೇಲೆ. ಒಂಬತ್ತನೆಯ ಶತಮಾನದ ಮಧ್ಯದಲ್ಲಿ ಈಗಿನ ಅಫಘಾನಿಸ್ತಾನದ ಬಲ್ಖ್ ಪ್ರದೇಶದಲ್ಲಿ ಹುಟ್ಟಿ 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಆತ್ಮಗಳ ಆರೋಗ್ಯದ ಕುರಿತು ಒಂದು ಗ್ರಂಥ ಬರೆದರು. 'ಮಸಾಲಿಹುಲ್ ಅಬ್ದಾನಿ ವಲ್ ಅನ್‌ಫುಸ್' ಎಂದು ಅದರ ಹೆಸರು. ಮೊದಲ ಭಾಗ ದೇಹಕ್ಕೆ, ಎರಡನೆಯ ಭಾಗ ಮನಸ್ಸಿಗೆ. ವೈದ್ಯರು ದೇಹವನ್ನು ಮಾತ್ರ ನೋಡುತ್ತಾರೆ, ಮನಸ್ಸನ್ನು ಬಿಟ್ಟುಬಿಡುತ್ತಾರೆ ಎಂಬುದು ಸಾವಿರದ ನೂರು ವರ್ಷಗಳ ಹಿಂದೆಯೇ ಅವರ ದೂರಾಗಿತ್ತು! ಕೋಪ, ಭಯ, ದುಃಖ ಮತ್ತು ಗೀಳು ಎಂದು ಮನಸ್ಸಿನ ತೊಂದರೆಗಳನ್ನು ಅವರು ವಿಂಗಡಿಸಿದರು. ದುಃಖದಲ್ಲಿಯೂ ಎರಡನ್ನು ಪ್ರತ್ಯೇಕಿಸಿದರು. ಮರಣ, ನಷ್ಟದಂತಹ ತಿಳಿದ ಕಾರಣದಿಂದ ಬರುವುದು ಒಂದು, ಕಾರಣವೇ ಕಾಣದೆ ದೇಹದೊಳಗಿನಿಂದ ಬರುವುದು ಇನ್ನೊಂದು. ಎರಡನೆಯದಕ್ಕೆ ದೇಹದ ಚಿಕಿತ್ಸೆಯೂ ಬೇಕೆಂದರು. ಇನ್ನು ಬೀಮಾರಿಸ್ತಾನ್‌ಗಳ ಚರಿತ್ರೆ ನಿಮಗೆ ತಿಳಿದೇ ಇದೆ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತು. ಈ ಚರಿತ್ರೆಯನ್ನು ನಾವು ಹೆಮ್ಮೆಯಿಂದ ಭಾಷಣಗಳಲ್ಲಿ ಹೇಳುತ್ತೇವೆ, ಭಾಷಣ ಮುಗಿದ ಬಳಿಕ ರೋಗಿಯನ್ನು ಅಡಗಿಸಿಡುತ್ತೇವೆ.

ಈಗ ಪರದೆಯ ಆಚೆ ಇರುವ ಸಹೋದರಿಯರ ಕಡೆಗೆ ಬರುತ್ತೇನೆ. ಸಹೋದರರು ಇದನ್ನು ಹೆಂಗಸರ ವಿಷಯವೆಂದು ಮೊಬೈಲ್ ತೆಗೆಯಬೇಡಿ, ಇದು ನಿಮಗೇ ಹೆಚ್ಚು ಸಂಬಂಧಿಸಿದ್ದು.

ನಮ್ಮ ಮನೆಗಳಲ್ಲಿ ಮಗು ಹುಟ್ಟಿದರೆ ಬಾಣಂತಿಗೆ ನಲ್ವತ್ತು ದಿನಗಳ ಆರೈಕೆ ಇದೆ. ಎಣ್ಣೆ, ಬಿಸಿನೀರು, ಮದ್ದಿನ ಲೇಹ್ಯ, ಕೋಳಿಸಾರು. ಒಳ್ಳೆಯದು. ಆದರೆ ಅವಳ ಮನಸ್ಸು ಹೇಗಿದೆಯೆಂದು ಕೇಳುವ ಪದ್ಧತಿ ಇಲ್ಲ. ಹೆರಿಗೆಯಾದ ಮೊದಲ ವಾರದಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಬಹಳಷ್ಟು ತಾಯಂದಿರಿಗೆ ಸಹಜ. ಸಾಮಾನ್ಯವಾಗಿ ಎರಡು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಅದು ಹೋಗದೆ ಮುಂದುವರಿದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ರೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ, ತಾನು ಕೆಟ್ಟ ತಾಯಿಯೆಂದು ಅವಳು ಹೇಳತೊಡಗಿದರೆ, ಅದು ಹೆರಿಗೆಯ ನಂತರದ ಖಿನ್ನತೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2017ರ ಒಂದು ಲೇಖನದ ಪ್ರಕಾರ ನಮ್ಮ ದೇಶದ ಬಾಣಂತಿಯರಲ್ಲಿ ಸುಮಾರು ಶೇ. 22 ಮಂದಿಗೆ ಇದು ಬರುತ್ತದೆ. ಅಂದರೆ ಐವರಲ್ಲಿ ಒಬ್ಬಳಿಗೆ. ಈ ಸಭಾಂಗಣದ ಆಚೆಯ ಭಾಗವನ್ನು ಮನಸ್ಸಿನಲ್ಲಿಯೇ ಎಣಿಸಿ ನೋಡಿ.

ಇಂತಹ ತಾಯಿಗೆ ನಾವು ಏನನ್ನುತ್ತೇವೆ? "ನಾವೆಲ್ಲ ಏಳೆಂಟು ಹೆತ್ತಿಲ್ಲವೇ?" ಎಂದು ಅತ್ತೆ ಕೇಳುತ್ತಾರೆ. "ಸೋಮಾರಿತನ" ಎಂದು ನಾದಿನಿ. ಗಂಡ ದುಬೈಯಿಂದಲೋ ದಮಾಮಿನಿಂದಲೋ ವಿಡಿಯೋ ಕರೆಯಲ್ಲಿ ಮಗುವಿನ ಮುಖ ತೋರಿಸೆನ್ನುತ್ತಾನೆ, ಹೆಂಡತಿಯ ಮುಖ ನೋಡುವುದಿಲ್ಲ. ಹುಟ್ಟಿದ್ದು ಎರಡನೆಯ ಅಥವಾ ಮೂರನೆಯ ಹೆಣ್ಣು ಮಗುವಾಗಿದ್ದರೆ ಮನೆಯ ಮೌನವೇ ಬೇರೆ. ಇಲ್ಲಿ ಅವಳ ಈಮಾನ್‌ನ ಪ್ರಶ್ನೆ ಎಲ್ಲಿ ಬಂತು? ನಿಫಾಸ್‌ನ ಆ ದಿನಗಳಲ್ಲಿ ನಮಾಝ್ ಮತ್ತು ಉಪವಾಸದಿಂದ ಅವಳಿಗೆ ಧರ್ಮವೇ ವಿನಾಯಿತಿ ಕೊಟ್ಟಿದೆ. ಧರ್ಮ ಅವಳ ದೇಹವನ್ನು ಅರ್ಥ ಮಾಡಿಕೊಂಡಷ್ಟು ನಾವು ಅವಳನ್ನು ಅರ್ಥ ಮಾಡಿಕೊಂಡಿಲ್ಲ.

ಇದಕ್ಕಿಂತ ಅಪರೂಪವಾದ, ಆದರೆ ಬಹಳ ಅಪಾಯಕಾರಿಯಾದ ಇನ್ನೊಂದಿದೆ. ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಎನ್ನುತ್ತಾರೆ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಬರುತ್ತದೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ. ಇಲ್ಲದ ಧ್ವನಿಗಳು ಕೇಳುತ್ತವೆ, ಮಗು ತನ್ನದಲ್ಲ ಎನ್ನುತ್ತಾಳೆ, ಒಂದು ಗಂಟೆ ಸರಿಯಾಗಿದ್ದು ಮರುಗಂಟೆಯೇ ಗೊಂದಲಗೊಳ್ಳುತ್ತಾಳೆ. ಜಿನ್ ಸೇರಿದೆ ಎಂದು ಮನೆಯವರಿಗೆ ಖಚಿತವಾಗುವುದು ಇಲ್ಲಿಯೇ. ಇದು ಹೃದಯಾಘಾತದಂತೆ ತುರ್ತು ಪರಿಸ್ಥಿತಿ. ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು, ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡಬಾರದು. ಚಿಕಿತ್ಸೆ ಸಿಕ್ಕಿದರೆ ಇಂತಹ ತಾಯಂದಿರು ಬಹುತೇಕ ಚೇತರಿಸಿಕೊಳ್ಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವನ್ನು 2009ರಲ್ಲಿ ಆರಂಭಿಸಲಾಯಿತು. ದುಆ ಮಾಡಿ, ಖಂಡಿತ ಮಾಡಿ. ಆದರೆ ಆಂಬುಲೆನ್ಸಿನಲ್ಲಿ ಕುಳಿತು ಮಾಡಿ.

ಮನಸ್ಸು ಮತ್ತು ದೇಹ ಎರಡು ಬೇರೆ ಖಾತೆಗಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಪುರುಷರಲ್ಲಿ ಶೇ. 25. ರಕ್ತ ಕಡಿಮೆಯಾದವಳಿಗೆ ಆಯಾಸ, ಸಿಡುಕು, ಏನೂ ಬೇಡವೆನಿಸುವ ಭಾವ ಬರುತ್ತದೆ. ಥೈರಾಯ್ಡ್ ಕಡಿಮೆಯಾದರೂ ಹಾಗೆಯೇ. ಆದ್ದರಿಂದ ಮನೋವೈದ್ಯರೂ ಮೊದಲು ರಕ್ತ ಪರೀಕ್ಷೆ ಬರೆದುಕೊಟ್ಟರೆ ಅಚ್ಚರಿಪಡಬೇಡಿ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿಗೂ ಈ ಶೇ. 57ಕ್ಕೂ ಸಂಬಂಧವಿಲ್ಲವೆಂದು ಯಾರಾದರೂ ಹೇಳಬಲ್ಲರೇ? ಕರಾವಳಿಯ ನಮ್ಮ ತಾಯಂದಿರಂತೂ ಸಂಸಾರದ ಕೆಲಸದ ನಡುವೆ ಮಡಿಲಲ್ಲಿ ಸೂಪು ಇಟ್ಟುಕೊಂಡು, ಬೆನ್ನು ಬಾಗಿಸಿ, ಹೊಗೆಸೊಪ್ಪಿನ ಧೂಳು ಕುಡಿಯುತ್ತಾ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಕತ್ತು ನೋವು, ಕೆಮ್ಮು, ಕಣ್ಣಿನ ಉರಿ ಅವರಿಗೆ ರೋಗವೇ ಅಲ್ಲ, ದಿನಚರಿ. ಆ ಬೀಡಿಯ ದುಡ್ಡಿನಲ್ಲಿ ಓದಿದವರು ಇಲ್ಲಿ ಹಲವರಿದ್ದೀರಿ.

ಪುರುಷರ ವಿಷಯಕ್ಕೆ ಬರೋಣ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಮಧುಮೇಹವಿರುವವರಲ್ಲಿ ಖಿನ್ನತೆ ಹೆಚ್ಚು, ಖಿನ್ನತೆಯಿರುವವನು ಮಾತ್ರೆ, ಪಥ್ಯ, ನಡಿಗೆ ಎಲ್ಲವನ್ನೂ ಬಿಡುತ್ತಾನೆ, ಸಕ್ಕರೆ ಇನ್ನೂ ಏರುತ್ತದೆ. ನಮ್ಮ ಮದುವೆ ಊಟಗಳ ಬಗ್ಗೆ ನಾನೇನೂ ಹೇಳುವುದಿಲ್ಲ, ಇಂದಿನ ಮಧ್ಯಾಹ್ನದ ಬಿರಿಯಾನಿ ನಾನೂ ತಿಂದಿದ್ದೇನೆ. ಒಂದು ಮಾತು ಮಾತ್ರ. ರಮಝಾನ್‌ಗೆ ಒಂದೆರಡು ತಿಂಗಳ ಮೊದಲೇ ವೈದ್ಯರನ್ನು ಕಂಡು ಮಾತ್ರೆ, ಇನ್ಸುಲಿನ್‌ಗಳ ಪ್ರಮಾಣ ಮತ್ತು ಸಮಯವನ್ನು ಬದಲಿಸಿಕೊಳ್ಳಿ. ಮನಸ್ಸಿನ ರೋಗದ ಮಾತ್ರೆಗೂ ಇದೇ ನಿಯಮ. ಉಪವಾಸವೆಂದು ತಾವಾಗಿಯೇ ಮಾತ್ರೆ ನಿಲ್ಲಿಸಿ ಈದ್‌ನ ಹೊತ್ತಿಗೆ ರೋಗ ಮರುಕಳಿಸಿದವರಿದ್ದಾರೆ. ರೋಗಿಗೆ ವಿನಾಯಿತಿ ಇರುವುದನ್ನು ಬಳಸಿಕೊಳ್ಳುವುದೂ ಧರ್ಮಪಾಲನೆಯೇ.

ಪುರುಷನ ದೊಡ್ಡ ರೋಗ ಬಾಯಿ ಬಿಡದಿರುವುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 1,22,724 ಮಂದಿ ಪುರುಷರು. ಕಾರಣಗಳಲ್ಲಿ ಮೊದಲೆರಡು ಕೌಟುಂಬಿಕ ಸಮಸ್ಯೆ ಮತ್ತು ಅನಾರೋಗ್ಯ. ನಮ್ಮ ಧರ್ಮದಲ್ಲಿ ಇದು ನಿಷಿದ್ಧ, ಆದ್ದರಿಂದ ನಮ್ಮಲ್ಲಿ ನಡೆಯುವುದಿಲ್ಲವೆಂಬ ಭ್ರಮೆ ಬೇಡ. ನಡೆದಾಗ 'ಹಾರ್ಟ್ ಅಟ್ಯಾಕ್' ಎಂದು ಹೇಳಿ ದಫನ ಮಾಡಿದ ಮನೆಗಳನ್ನು ಪತ್ರಕರ್ತನಾಗಿ ನಾನು ಕಂಡಿದ್ದೇನೆ. ಕೊಲ್ಲಿಯಲ್ಲಿ ಹತ್ತು ಮಂದಿಯ ಕೋಣೆಯಲ್ಲಿ ಹದಿನೈದು ವರ್ಷ ಕಳೆದು, ಕೆಲಸ ಕಳೆದುಕೊಂಡು, ತಂಗಿಯ ಮದುವೆಯ ಸಾಲ ಹೊತ್ತು ಊರಿಗೆ ಮರಳಿದವನಿಗೆ ತನ್ನ ಮನೆಯಲ್ಲಿಯೇ ಅತಿಥಿಯಂತೆ ಅನಿಸುತ್ತದೆ. ಮಕ್ಕಳಿಗೆ ಅವನ ಗುರುತಿಲ್ಲ. ಅವನು ಮಸೀದಿಯ ಕೊನೆಯ ಸಾಲಿನಲ್ಲಿ ನಿಂತು ಸಲಾಮ್ ಹೇಳಿದ ಕೂಡಲೇ ಎದ್ದು ಹೋಗುತ್ತಾನೆ. ಅವನನ್ನು ನಿಲ್ಲಿಸಿ ಮಾತನಾಡಿಸಿದ್ದೇವೆಯೇ? ಸಾಯಬೇಕೆನಿಸುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದವರಿದ್ದಾರೆಂಬುದೇ ಅವನಿಗೆ ಎಷ್ಟೋ ಹಗುರ. ಕೇಳಿದ ಮೇಲೆ ಉಪದೇಶ ಮಾಡದೆ ಜೊತೆಯಲ್ಲಿ ವೈದ್ಯರ ಬಳಿ ಹೋಗಿ.

ಸರಕಾರದ ಹೊಣೆಯ ಬಗ್ಗೆ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 10.6 ಮಂದಿ ಆಗ ಮಾನಸಿಕ ತೊಂದರೆಯಲ್ಲಿದ್ದರು. ರೋಗಕ್ಕನುಸಾರ ಅವರಲ್ಲಿ ಶೇ. 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಸರಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ಹಕ್ಕೆಂದು ಸಾರಿತು, ಮನೋರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿತು. ಕಾಯ್ದೆ ಚೆನ್ನಾಗಿದೆ. ಆದರೆ ಹಕ್ಕನ್ನು ಕೊಡುವ ವೈದ್ಯರು ತಾಲೂಕಿನಲ್ಲಿ ಇಲ್ಲದಿದ್ದರೆ, ಮಾತ್ರೆ ಆಸ್ಪತ್ರೆಯಲ್ಲಿ ಮುಗಿದಿದ್ದರೆ, ಆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ. ರಸ್ತೆ, ಚರಂಡಿಗೆ ಮನವಿ ಕೊಡುವ ನಮ್ಮ ಜಮಾಅತ್ ಸಮಿತಿಗಳು ಒಮ್ಮೆಯಾದರೂ ಮನೋವೈದ್ಯರ ಹುದ್ದೆ ಭರ್ತಿ ಮಾಡಿರೆಂದು ಶಾಸಕರಿಗೆ ಮನವಿ ಕೊಟ್ಟಿವೆಯೇ? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ. ಅಲ್ಲಿಂದ ಅದು 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. ಕೇಳುವ ಅಧಿಕಾರ ಇತರರಿಗಿಂತ ನಮಗೇ ಹೆಚ್ಚಿದೆ.

ದರ್ಗಾದ ವಿಷಯವನ್ನು ಅರ್ಧಕ್ಕೆ ಬಿಟ್ಟಿದ್ದೆ. ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವದಲ್ಲಿ ಮೀರಾ ದಾತಾರ್ ದರ್ಗಾ ಇದೆ. ಅಲ್ಲಿಗೂ ಮನೋರೋಗಿಗಳು ಬರುತ್ತಾರೆ. 2008ರಲ್ಲಿ ಅಲ್ಲಿ 'ದವಾ ಔರ್ ದುಆ' ಎಂಬ ಕಾರ್ಯಕ್ರಮ ಆರಂಭವಾಯಿತು. ದರ್ಗಾದ ಮುಜಾವರರಿಗೆ ರೋಗಲಕ್ಷಣ ಗುರುತಿಸುವ ತರಬೇತಿ ಕೊಟ್ಟರು. ದುಆ ಮಾಡಿಸಿಕೊಂಡವರನ್ನು ಅವರೇ ಆವರಣದ ಮನೋವೈದ್ಯರ ಬಳಿಗೆ ಕಳುಹಿಸತೊಡಗಿದರು. ಮುಂದೆ ಏರ್ವಾಡಿಯಲ್ಲಿಯೂ ಇಂತಹ ಕ್ರಮ ಬಂತು. ನಾನು ದರ್ಗಾ ಸಂಸ್ಕೃತಿಯನ್ನು ಒಪ್ಪುವವನಲ್ಲ, ನನ್ನ ಬರಹ ಓದುವವರಿಗೆ ಅದು ತಿಳಿದಿದೆ. ಆದರೂ ಕೇಳುತ್ತೇನೆ. ಮುಜಾವರರು ಮಾಡಿದ್ದನ್ನು ನಮ್ಮ ಖತೀಬರು, ಮದ್ರಸದ ಉಸ್ತಾದರು ಮಾಡಲಾಗದೇ? ಜನರು ಮೊದಲು ಬರುವುದು ಅವರ ಬಳಿಗೇ. ಒಂದು ದಿನದ ತರಬೇತಿ ಸಾಕು, ಯಾವ ಲಕ್ಷಣ ಕಂಡರೆ ಎಲ್ಲಿಗೆ ಕಳುಹಿಸಬೇಕೆಂದು ತಿಳಿಯಲು. ಈ ಊರಿನ ಮದ್ರಸ ಸಮಿತಿಯ ಅಧ್ಯಕ್ಷರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ, ಅವರ ಉತ್ತರಕ್ಕಾಗಿ ಕಾಯುತ್ತೇನೆ.

ಮನೆಗೆ ಹೋಗುವ ಮೊದಲು ಒಂದು ಸಂಖ್ಯೆ ಬರೆದುಕೊಳ್ಳಿ. 14416. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ ಇದು. ಹಗಲು ರಾತ್ರಿ ಇದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ಆಸ್ಪತ್ರೆಯ ಮೆಟ್ಟಿಲು ಹತ್ತಲು ನಾಚಿಕೆಯಾಗುವ ಸಹೋದರಿ ತನ್ನ ಕೋಣೆಯಿಂದಲೇ ಮಾತನಾಡಬಹುದು.

ಮನೋವೈದ್ಯರು ಅಸ್ರ್‌ವರೆಗೆ ಇರುತ್ತಾರೆಂದು ಸಂಘಟಕರು ಈಗ ಚೀಟಿ ಕಳುಹಿಸಿದ್ದಾರೆ. ಅವರ ಮೇಜನ್ನು ಅಂಗಳದಿಂದ ತೆಗೆದು ಒಳಗಿನ ಕೋಣೆಗೆ ಹಾಕಿಸಿದ್ದೇವೆ, ಹಿಂಬಾಗಿಲಿನಿಂದಲೂ ಹೋಗಬಹುದು. ಮಹಿಳೆಯರ ಜೊತೆ ಇರಲು ಒಬ್ಬರು ನರ್ಸ್ ಸಹೋದರಿ ಇದ್ದಾರೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಿ, ಹೆಸರು ಬರೆಯುವ ಅಗತ್ಯವಿಲ್ಲ.